ಕೊರೆಯದ ತೂತು, ಆಡದ ಮಾತು



ಇಂದಿನ ಚಿಂತನೆ ಬರೆಯುವ ಸರದಿ ನನ್ನದು. ನಾನು ಪಂಡಿತನಲ್ಲ, ನಲವತ್ತು ವರ್ಷ ಲೇತ್ ಮುಂದೆ ನಿಂತವನು. ಹಾಗಾಗಿ ನನಗೆ ಗೊತ್ತಿರುವ ಕೆಲಸದಿಂದಲೇ ಶುರು ಮಾಡುತ್ತೇನೆ. ಸ್ವಲ್ಪ ಉದ್ದವಾಗಿದೆ. ಬೆಳಗಿನ ಗಡಿಬಿಡಿಯಲ್ಲಿದ್ದರೆ ಸಂಜೆ ಓದಿ.

ಪ್ರಶ್ನೆ ಇದು. ಎಂದೋ ಮಾಡಿದ ಒಂದು ತಪ್ಪು ಇದೆ. ಯಾರೂ ಅದನ್ನು ನೋಡಿಲ್ಲ, ಯಾರೂ ಕೇಳುತ್ತಲೂ ಇಲ್ಲ. ಇಷ್ಟು ವರ್ಷದ ಮೇಲೆ ಹೇಳಿ ಏನು ಪ್ರಯೋಜನ ಎಂದು ಎಲ್ಲರೂ ಅನ್ನುವಂಥದ್ದು. ಅದನ್ನು ಹೇಳಬೇಕೇ, ಬಿಡಬೇಕೇ?

ಕಳೆದ ಮೇ ತಿಂಗಳಲ್ಲಿ ಒಬ್ಬರು ನನ್ನ ಶೆಡ್ಡಿಗೆ ಹಳೆಯ ಜಾವಾ ಎಂಜಿನ್ ತಂದರು. 250 ಸಿಸಿ, ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. ಮೈಸೂರಿನವರಿಗೆ ಈ ಗಾಡಿಯ ಪರಿಚಯ ಬೇಕಿಲ್ಲ. ಬೇರೆ ಊರಿನ ಬಂಧುಗಳಿಗಾಗಿ ಹೇಳುತ್ತೇನೆ. ನಮ್ಮೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ಈ ಗಾಡಿಗಳು ತಯಾರಾದವು. ಮೊದಲು ಜೆಕೊಸ್ಲೊವಾಕಿಯಾದ ಜಾವಾ ಹೆಸರಿನಲ್ಲಿ, ಆಮೇಲೆ ಯೆಜ್ಡಿ ಹೆಸರಿನಲ್ಲಿ. ಕಾರ್ಖಾನೆ ಮುಚ್ಚಿ ಇಷ್ಟು ವರ್ಷವಾದರೂ ಗಾಡಿಗಳು ಓಡುತ್ತಲೇ ಇವೆ. ನನ್ನಂಥವರ ಹೊಟ್ಟೆ ಹೊರೆದದ್ದರಲ್ಲಿ ಅವುಗಳದೂ ಪಾಲಿದೆ.

ಬಂದವರಿಗೆ ಐವತ್ತು ದಾಟಿತ್ತು. ಗಾಡಿ ತಂದೆಯದು. ತಂದೆ ಹೋದ ವರ್ಷ ತೀರಿಕೊಂಡರು, ಹತ್ತು ಹನ್ನೆರಡು ವರ್ಷದಿಂದ ಗಾಡಿ ಟಾರ್ಪಾಲಿನ ಕೆಳಗೇ ನಿಂತಿತ್ತು ಎಂದರು. ಜುಲೈ ಎರಡನೆಯ ಭಾನುವಾರ ಜಾವಾ, ಯೆಜ್ಡಿ ಇಟ್ಟುಕೊಂಡವರೆಲ್ಲ ಸೇರುವ ದಿನ. ಅಷ್ಟರೊಳಗೆ ಓಡುವ ಹಾಗೆ ಮಾಡಿಕೊಡಿ ಎಂದು ಕೇಳಿದರು.

ಅವರ ಮುಖ ನೋಡಿ ನನಗೆ ಗುರುತು ಹತ್ತಲಿಲ್ಲ. ಎಂಜಿನ್ ಬಿಚ್ಚಿ ಕನೆಕ್ಟಿಂಗ್ ರಾಡನ್ನು ಅಳೆದಾಗ ಹತ್ತಿತು.

ಎಂಜಿನ್ನಿನಲ್ಲಿ ಬೇರೆ ಬೇರೆ ಬಗೆಯ ಬೇರಿಂಗ್ ಇರುತ್ತವೆ. ಕ್ರ್ಯಾಂಕಿನ ಎರಡು ಬದಿಗೆ ಗುಂಡುಗಳಿರುವ ಬಾಲ್ ಬೇರಿಂಗ್. ಅದರ ಮೇಲೆ ನಂಬರ್ ಇರುತ್ತದೆ, ಅಂಗಡಿಯಲ್ಲಿ ನಂಬರ್ ಹೇಳಿದರೆ ಕೊಡುತ್ತಾರೆ. ಇನ್ನೊಂದು, ರಾಡಿನ ಮೇಲ್ತುದಿಯ ಕಣ್ಣಿನಲ್ಲಿ ಕೂರುವ ಬುಷ್. ಪಿಸ್ಟನ್ನಿನ ಪಿನ್ ಇದರೊಳಗೆ ತೂಗಾಡುತ್ತದೆ. ನೋಡಲು ಒಂದು ಕಂಚಿನ ಬಳೆ, ಬೆರಳಿಗೆ ಹಾಕಿಕೊಳ್ಳಬಹುದು. ಆದರೆ ಎಂಜಿನ್ ಹೊಡೆಯುವ ಒಂದೊಂದು ಏಟೂ ಈ ಬಳೆಯ ಮೂಲಕವೇ ಕ್ರ್ಯಾಂಕಿಗೆ ಹೋಗಬೇಕು.

ಈ ಬುಷ್ಷೂ ಕಂಪನಿ ಅಳತೆಯದು ಸಿಗುತ್ತದೆ. ಆದರೆ ಈ ರಾಡಿಗೆ ಅದು ಕೂರುತ್ತಿರಲಿಲ್ಲ. ರಾಡಿನ ಕಣ್ಣು ಕಂಪನಿ ಅಳತೆಗಿಂತ ಅರ್ಧ ಮಿಲಿಮೀಟರ್ ದೊಡ್ಡದಿತ್ತು. ಯಾರೋ ಹಿಂದೆ ಅದನ್ನು ಕೊರೆದು ಹಿಗ್ಗಿಸಿದ್ದರು. ಯಾರೋ ಏನು, ನಾನೇ. ಯಾಕೆ ಹಿಗ್ಗಿಸಬೇಕಾಯಿತು ಎಂಬುದು ಜಗತ್ತಿನಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ಬುಷ್ ಮಾಡುವ ಕೆಲಸ ಹೀಗೆ. ಫಾಸ್ಫರ್ ಬ್ರಾಂಜ್ ತುಂಡನ್ನು ಚಕ್ಕಿಗೆ ಕಟ್ಟಿ, ಹೊರ ಅಳತೆಯನ್ನು ರಾಡಿನ ಕಣ್ಣಿಗಿಂತ ನೂರರಲ್ಲಿ ನಾಲ್ಕು ಭಾಗ ಮಿಲಿಮೀಟರ್ ದೊಡ್ಡದಾಗಿ ಕಡೆಯಬೇಕು. ಒತ್ತಿ ಕೂರಿಸಿದಾಗ ಬಿಗಿಯಾಗಿ ಹಿಡಿಯಲಿ ಎಂದು. ಒತ್ತಿದ ಮೇಲೆ ಬುಷ್ ಒಳಗೂ ಕುಗ್ಗುತ್ತದೆ. ಆದ್ದರಿಂದ ಒಳ ಅಳತೆಯನ್ನು ಮೊದಲೇ ಮುಗಿಸುವಂತಿಲ್ಲ. ಒತ್ತಿ, ತೂತು ಕೊರೆದು, ಕೊನೆಗೆ ರೀಮರ್ ಹಾಕಿ ಪಿನ್ನಿಗೆ ಸರಿಮಾಡಬೇಕು. ಪಿನ್ನಿಗೂ ಬುಷ್ಷಿಗೂ ನಡುವೆ ನೂರರಲ್ಲಿ ಎರಡು ಭಾಗ ಮಿಲಿಮೀಟರಿನಷ್ಟು ಸಂದು ಉಳಿಯಬೇಕು. ತಲೆಗೂದಲಿನ ದಪ್ಪಕ್ಕಿಂತ ಬಹಳ ಕಡಿಮೆ. ಪಿನ್ನಿಗೆ ಎಣ್ಣೆ ಸವರಿ ಹೆಬ್ಬೆರಳಲ್ಲಿ ತಳ್ಳಿದರೆ ಹೋಗಬೇಕು, ಬಿಟ್ಟರೆ ತಾನಾಗಿ ಜಾರಿ ಬೀಳಬಾರದು.

ದುಃಖ ಎಂಬ ಶಬ್ದದ ಬಗ್ಗೆ ಕೆಲವು ವಿದ್ವಾಂಸರು ಹೇಳುವ ಮಾತನ್ನು ನಮ್ಮ ಬಳಗದಲ್ಲಿ ಹಿಂದೆ ಚರ್ಚಿಸಿದ್ದೇವೆ. ‘ಖ’ ಎಂದರೆ ಗಾಲಿಯ ನಡುವೆ ಅಚ್ಚು ಕೂರುವ ತೂತು. ಆ ತೂತು ಸರಿಯಿಲ್ಲದಿದ್ದರೆ ದುಃಖ, ಸರಿಯಿದ್ದರೆ ಸುಖ. ಅಂದು ಎಲ್ಲರೂ ತಲೆದೂಗಿದರು. ನನಗೆ ಮಾತ್ರ ಎದೆಯಲ್ಲಿ ಚುಕ್ ಎಂದಿತು. ನನ್ನ ಕಥೆಯೂ ಒಂದು ತೂತಿನದೇ.

ಈ ಎಂಜಿನ್‌ಗಳು ಟೂ ಸ್ಟ್ರೋಕ್. ಈ ಬುಷ್ಷಿಗೆಂದು ಬೇರೆ ಎಣ್ಣೆ ಹೋಗುವುದಿಲ್ಲ. ಪೆಟ್ರೋಲಿಗೇ ಲೀಟರಿಗೆ 40 ಎಂ.ಎಲ್. ಎಣ್ಣೆ ಬೆರೆಸುತ್ತಿದ್ದೆವು. ಆ ಎಣ್ಣೆ ಮಂಜಿನ ಹಾಗೆ ಎಂಜಿನ್ ಒಳಗೆಲ್ಲ ಹರಡಿ, ರಾಡಿನ ತಲೆಯಲ್ಲಿರುವ ಸಣ್ಣ ತೂತಿನಿಂದ ಇಳಿದು ಬುಷ್ಷನ್ನು ಮುಟ್ಟುತ್ತದೆ. ಹೊಸ ಬುಷ್ ಒತ್ತಿದಾಗ ಈ ತೂತಿನ ನೇರಕ್ಕೆ ಬುಷ್ಷಿನಲ್ಲೂ ತೂತು ಕೊರೆಯಬೇಕು. ಎರಡು ನಿಮಿಷದ ಕೆಲಸ.

1989ರ ಆಯುಧಪೂಜೆಯ ಹಿಂದಿನ ಸಂಜೆ ನಾನು ಆ ತೂತು ಕೊರೆಯಲಿಲ್ಲ.

ಮರೆತೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಮರೆತದ್ದಲ್ಲ. ಈ ಗಾಡಿಯ ಯಜಮಾನರು ಸ್ಕೂಲ್ ಮೇಷ್ಟ್ರು, ಒಳ್ಳೆಯವರು, ಸ್ವಲ್ಪ ಕೋಪಿಷ್ಠರು. “ಹಬ್ಬಕ್ಕೆ ಗಾಡಿ ಪೂಜೆ ಆಗಬೇಕಪ್ಪ, ಏನು ಮಾಡ್ತೀಯೋ ನೋಡು” ಎಂದು ಎರಡು ಸಲ ಬಂದು ಹೋಗಿದ್ದರು. ಬುಷ್ ಒತ್ತಿದೆ, ಕರೆಂಟ್ ಹೋಯಿತು. ಡ್ರಿಲ್ಲಿಗೆ ಕರೆಂಟ್ ಬೇಕು, ರೀಮರನ್ನು ಕೈಯಲ್ಲೇ ತಿರುಗಿಸಬಹುದು. ಎರಡು ಬೀದಿ ಆಚೆ ಒಬ್ಬರ ಹತ್ತಿರ ಕೈ ಡ್ರಿಲ್ ಇತ್ತು, ಹೋಗಿ ತರಬಹುದಿತ್ತು. ಬುಷ್ಷಿನ ಎರಡು ಪಕ್ಕದಿಂದ ಸ್ವಲ್ಪ ಎಣ್ಣೆ ಹೋಗೇ ಹೋಗುತ್ತದೆ, ಹಬ್ಬ ಮುಗಿದ ಮೇಲೆ ನೋಡಿದರಾಯಿತು ಎಂದುಕೊಂಡೆ. ಸೀಮೆಎಣ್ಣೆ ದೀಪದಲ್ಲಿ ರೀಮರ್ ತಿರುಗಿಸಿ ಎಂಜಿನ್ ಮುಚ್ಚಿದೆ. ಮುಚ್ಚಿದ ಮೇಲೆ ಒಳಗೆ ಏನಿದೆ ಎಂದು ಯಾರಿಗೂ ಕಾಣುವುದಿಲ್ಲ. ಮಾರನೆಯ ದಿನ ಗಾಡಿಗೂ ಪೂಜೆ ಆಯಿತು, ನನ್ನ ಲೇತಿಗೂ ಪೂಜೆ ಆಯಿತು. ಆಯುಧಗಳಿಗೆ ಕುಂಕುಮ ಹಚ್ಚಿದ ಕೈಯೇ ಅದು.

ದೀಪಾವಳಿಯ ಹೊತ್ತಿಗೆ ಮೇಷ್ಟ್ರ ಮಗ, ಹದಿನೇಳು ವರ್ಷದ ಹುಡುಗ, ಗಾಡಿಯಲ್ಲಿ ನಂಜನಗೂಡಿಗೆ ಹೋಗಿ ಬರುವಾಗ ಎಂಜಿನ್ ಸೀಜ್ ಆಯಿತು. ಟೆಂಪೋದಲ್ಲಿ ಹಾಕಿಕೊಂಡು ನನ್ನ ಹತ್ತಿರವೇ ತಂದರು. ಬಿಚ್ಚಿ ನೋಡಿದೆ. ಬುಷ್ ಸುಟ್ಟು ಪಿನ್ನಿಗೆ ಕಚ್ಚಿಕೊಂಡಿತ್ತು, ರಾಡಿನ ಕಣ್ಣಿನೊಳಗೇ ತಿರುಗಿ ಅದನ್ನೂ ತಿಂದುಹಾಕಿತ್ತು. ಪಿಸ್ಟನ್ ಗೀರಿತ್ತು. ಎಣ್ಣೆ ಸಿಗದ ಎಂಜಿನ್ನಿನ ಲಕ್ಷಣ ಇವೇ. ಪೆಟ್ರೋಲಿಗೆ ಎಣ್ಣೆ ಬೆರೆಸದೆ ಓಡಿಸಿದರೂ ಇವೇ ಲಕ್ಷಣ.

ಮೇಷ್ಟ್ರು ನನ್ನ ಪಕ್ಕದಲ್ಲಿ ನಿಂತು ಕೇಳಿದರು: “ಎಣ್ಣೆ ಹಾಕದೆ ಓಡಿಸಿದ್ದಾನೆ, ಅಲ್ವೇನಪ್ಪ?”

ನಾನು ತಲೆಯಾಡಿಸಿದೆ.

ಬಾಗಿಲ ಹತ್ತಿರ ನಿಂತಿದ್ದ ಹುಡುಗ “ಹಾಕಿದ್ದೆ ಅಪ್ಪ, ಮೂರು ಲೀಟರಿಗೆ ನೂರಿಪ್ಪತ್ತು ಎಂ.ಎಲ್. ಹಾಕಿಸಿದ್ದೆ” ಎಂದ. “ಮಾಡಿದ್ದೂ ಅಲ್ಲದೆ ಸುಳ್ಳು ಬೇರೆ ಹೇಳ್ತೀಯಾ” ಎಂದು ಮೇಷ್ಟ್ರು ಅವನ ಕೆನ್ನೆಗೆ ಹೊಡೆದರು. ಆ ಶೆಡ್ಡಿನಲ್ಲಿ ಮೂವರಿದ್ದೆವು. ಸುಳ್ಳು ಹೇಳಿದವನು ಒಬ್ಬನೇ, ಅವನಿಗೆ ಏಟು ಬೀಳಲಿಲ್ಲ. ಸುಟ್ಟ ಬುಷ್ಷನ್ನು ಗುಜರಿ ಡಬ್ಬಕ್ಕೆ ಹಾಕಿದೆ. ರಾಡಿನ ಕಣ್ಣನ್ನು ಅರ್ಧ ಮಿಲಿಮೀಟರ್ ಹಿಗ್ಗಿಸಿ, ದೊಡ್ಡ ಬುಷ್ ಮಾಡಿ, ಈ ಸಲ ತೂತು ಕೊರೆದು ಕೂರಿಸಿದೆ. ಪಿಸ್ಟನ್, ರೀಬೋರ್ ಎಲ್ಲ ಸೇರಿ 450 ರೂಪಾಯಿ ಕೂಲಿಯನ್ನೂ ತೆಗೆದುಕೊಂಡೆ.

ಧಮ್ಮದ ದಾರಿಗೆ ಬಂದ ಮೇಲೆ, ಪ್ರತಿ ಹುಣ್ಣಿಮೆಗೆ ಪಂಚಶೀಲ ಹೇಳುವಾಗ, ಈ ಸಂಗತಿ ಎದ್ದು ಬರುತ್ತಿತ್ತು. ಪ್ರತಿ ಸಲವೂ ಒಂದೊಂದು ನೆಪ ಹೇಳಿ ಕೂರಿಸುತ್ತಿದ್ದೆ. ಆ ನೆಪಗಳನ್ನು ಇಲ್ಲಿ ಬರೆಯುತ್ತೇನೆ, ಏಕೆಂದರೆ ಅವು ನನ್ನೊಬ್ಬನವೇ ಅಲ್ಲ ಎಂದು ನನ್ನ ಅನುಮಾನ.

ಮೊದಲ ನೆಪ: ನಾನು ಸುಳ್ಳು ಆಡಿಲ್ಲ. ಬಾಯಿ ಬಿಟ್ಟು ಒಂದು ಮಾತೂ ಹೇಳಲಿಲ್ಲ, ಬರೀ ತಲೆಯಾಡಿಸಿದೆ. ಆದರೆ ನಾಲ್ಕನೆಯ ಶೀಲವನ್ನು ವಿವರಿಸುವಾಗ ಅಟ್ಠಕಥೆಗಳು ಮಾತನ್ನಷ್ಟೇ ಹೇಳುವುದಿಲ್ಲ. ಮೋಸಗೊಳಿಸುವ ಉದ್ದೇಶದಿಂದ ದೇಹದಿಂದ ಮಾಡಿದ ಸನ್ನೆಯೂ ಮುಸಾವಾದವೇ. ವಿನಯದಲ್ಲಿ ಇನ್ನೂ ಗಟ್ಟಿಯಾದ ಮಾತಿದೆ. ಉಪೋಸಥದ ದಿನ ಭಿಕ್ಷುಗಳು ಸೇರಿ ಪಾತಿಮೋಕ್ಖ ಹೇಳುವಾಗ, ನೀವು ಶುದ್ಧರೇ ಎಂದು ಮೂರು ಸಲ ಕೇಳುತ್ತಾರೆ. ತಪ್ಪು ನೆನಪಿದ್ದೂ ಸುಮ್ಮನೆ ಕುಳಿತರೆ ಆ ಮೌನವೇ ತಿಳಿದೂ ಹೇಳಿದ ಸುಳ್ಳಾಗುತ್ತದೆ. ನಾವು ಗೃಹಸ್ಥರು, ನಮ್ಮನ್ನು ಹಾಗೆ ಕೇಳುವವರಿಲ್ಲ ನಿಜ. ನನ್ನನ್ನು ಮೇಷ್ಟ್ರು ಕೇಳಿದ್ದರಲ್ಲ.

ಎರಡನೆಯ ನೆಪ ಸ್ವಲ್ಪ ಜಾಣತನದ್ದು. ಓದಿಕೊಂಡವರಿಗೆ ಬರುವಂಥದ್ದು. ಎಲ್ಲವೂ ಅನಿತ್ಯ, ಎಲ್ಲವೂ ಅನತ್ತ. ಆ ಗಾಡಿಯ ಪಿಸ್ಟನ್ ಬದಲಾಯಿತು, ಪಿನ್ ಬದಲಾಯಿತು, ಬುಷ್ ಬದಲಾಯಿತು. ಅದನ್ನು ಕಡೆದ ಇಪ್ಪತ್ತೆಂಟು ವರ್ಷದ ಟರ್ನರ್ ಈಗ ಎಲ್ಲಿದ್ದಾನೆ? ಅವನ ತಪ್ಪಿಗೆ ನಾನೇಕೆ ತಲೆಕೊಡಲಿ? ನಾಗಸೇನರ ರಥದ ಉಪಮೆಯನ್ನು ಈ ವಾದಕ್ಕೆ ಹೂಡಿ ನಾನೇ ಹಾಯಾಗಿ ಕುಳಿತೆ. ಆದರೆ ಅದೇ ಮಿಲಿಂದ ಪ್ರಶ್ನೆಯಲ್ಲಿ ಸ್ವಲ್ಪ ಮುಂದೆ ಮಾವಿನಹಣ್ಣಿನ ಕಳ್ಳ ಬರುತ್ತಾನೆ. ತೋಟದವನು ನೆಟ್ಟ ಮಾವು ಬೇರೆ, ನಾನು ಕಿತ್ತ ಮಾವು ಬೇರೆ, ಆದ್ದರಿಂದ ನಾನು ಕದ್ದಿಲ್ಲ ಎಂದು ಅವನ ವಾದ. ಮಿಲಿಂದ ರಾಜನೇ ಒಪ್ಪುವುದಿಲ್ಲ. ನೆಟ್ಟದ್ದರಿಂದಲೇ ಈ ಹಣ್ಣು ಬಂದದ್ದು, ಕಳ್ಳ ತಪ್ಪಿತಸ್ಥನೇ. ನನ್ನ ವಿಷಯದಲ್ಲಿ ಆ ನಂಟು ಮಾತಿನಲ್ಲಷ್ಟೇ ಇರಲಿಲ್ಲ, ಅಳೆಯಲು ಸಿಗುತ್ತಿತ್ತು. ಮೂವತ್ತೈದು ವರ್ಷದ ಮೇಲೂ ಆ ರಾಡಿನ ಕಣ್ಣು ಅರ್ಧ ಮಿಲಿಮೀಟರ್ ದೊಡ್ಡದಿತ್ತು. ಅಂಗಡಿಯ ಬುಷ್ ಅದಕ್ಕೆ ಕೂರದು.

ಮೂರನೆಯ ನೆಪವೇ ಎಲ್ಲಕ್ಕಿಂತ ಬಲವಾದದ್ದು: ಹೇಳಿದರೆ ಯಾರಿಗೆ ಹಿತ? ಮೇಷ್ಟ್ರು ಇಲ್ಲ. ಮಗನಿಗೆ ಹಳೆಯ ಗಾಯ ಕೆದಕಿದಂತಾಗುತ್ತದೆ. ಹೆಸರು ಹೇಳದೆ ನಮ್ಮ ಬಳಗದ ಒಬ್ಬ ಹಿರಿಯರ ಹತ್ತಿರ ಈ ಪ್ರಶ್ನೆ ಇಟ್ಟೆ. ಅವರು ಅಭಯರಾಜಕುಮಾರ ಸುತ್ತವನ್ನು ನೆನಪಿಸಿದರು. ಸತ್ಯವಾದರೂ ಹಿತವಲ್ಲದ ಮಾತನ್ನು ತಥಾಗತರು ಆಡುವುದಿಲ್ಲ, ಸತ್ಯವೂ ಹಿತವೂ ಆದದ್ದನ್ನು ಕಾಲ ನೋಡಿ ಆಡುತ್ತಾರೆ. ಇದನ್ನು ಕೇಳಿ ನನಗೆ ಎಷ್ಟು ಸಮಾಧಾನವಾಯಿತು ಎಂದರೆ, ಆ ಸಮಾಧಾನದ ಮೇಲೆಯೇ ಅನುಮಾನ ಬಂತು.

ಮನೆಗೆ ಬಂದು ಸುತ್ತವನ್ನು ಪೂರ್ತಿ ಓದಿದೆ. ರಾಜಕುಮಾರನ ತೊಡೆಯ ಮೇಲೆ ಎಳೆಯ ಮಗು ಮಲಗಿದೆ. ಮಗು ಬಾಯಿಗೆ ಕಡ್ಡಿಯನ್ನೋ ಕಲ್ಲನ್ನೋ ಹಾಕಿಕೊಂಡರೆ ಏನು ಮಾಡುತ್ತೀ ಎಂದು ಭಗವಾನರು ಕೇಳುತ್ತಾರೆ. ರಕ್ತ ಬಂದರೂ ಸರಿ, ತೆಗೆಯುತ್ತೇನೆ, ಮಗುವಿನ ಮೇಲಿನ ಕರುಣೆಯಿಂದ ಎಂದು ಅವನ ಉತ್ತರ. ಹಿತ ಎಂದರೆ ನೋವಾಗದಿರುವುದು ಅಲ್ಲ ಎಂದಾಯಿತು. ಆಮೇಲೆ ನನಗೆ ನಾನೇ ಒಂದು ಪರೀಕ್ಷೆ ಇಟ್ಟುಕೊಂಡೆ. ಹೇಳುವುದರಿಂದ ನನ್ನ ಹೆಸರಿಗೆ ಏನೂ ಕುಂದು ಬಾರದು ಎಂದಾದರೆ, ಆಗಲೂ ನಾನು ಹಿತವಲ್ಲ ಎನ್ನುತ್ತಿದ್ದೆನೇ? ಇಲ್ಲ, ಅಂದೇ ಹೇಳಿಬಿಡುತ್ತಿದ್ದೆ. ಅಂದರೆ ನಾನು ತೂಗುತ್ತಿದ್ದದ್ದು ಅವರ ಹಿತವನ್ನಲ್ಲ. ಮೂವತ್ತೈದು ವರ್ಷ ಕಾಲ ಕೂಡಿಬರಲಿಲ್ಲ ಎಂದರೆ ಅದು ಕಾಲದ ದೋಷವೂ ಅಲ್ಲ.

ನನ್ನನ್ನು ತಿರುಗಿಸಿದ್ದು ಅಂಗುತ್ತರ ನಿಕಾಯದ ತಿಕನಿಪಾತದಲ್ಲಿ ಬರುವ ರಥಕಾರನ ಕಥೆ. ನಮ್ಮ ಬಳಗಕ್ಕೆ ಗೊತ್ತಿರುವುದೇ. ಪಚೇತನ ಎಂಬ ರಾಜ ತನ್ನ ರಥಕಾರನನ್ನು ಕರೆದು, ಆರು ತಿಂಗಳಿಗೆ ಯುದ್ಧವಿದೆ, ಹೊಸ ಜೋಡಿ ಗಾಲಿ ಬೇಕು ಎನ್ನುತ್ತಾನೆ. ಆರು ದಿನ ಉಳಿದಿರುವಾಗ ಒಂದು ಗಾಲಿ ಮುಗಿದಿರುತ್ತದೆ. ರಾಜ ಅವಸರಪಡಿಸುತ್ತಾನೆ, ಇನ್ನೊಂದನ್ನು ರಥಕಾರ ಆರೇ ದಿನದಲ್ಲಿ ಮುಗಿಸುತ್ತಾನೆ. ಎರಡನ್ನೂ ನೋಡಿದ ರಾಜನಿಗೆ ವ್ಯತ್ಯಾಸ ಕಾಣುವುದಿಲ್ಲ. ರಥಕಾರ, ಇದೆ ನೋಡಿ ಎಂದು ಉರುಳಿಸಿ ತೋರಿಸುತ್ತಾನೆ. ಆರು ದಿನದ ಗಾಲಿ ತಳ್ಳಿದ ಬಲ ಇರುವತನಕ ಹೋಗಿ, ಓಲಾಡಿ ಬೀಳುತ್ತದೆ. ಇನ್ನೊಂದು ಅಚ್ಚಿಗೆ ಕೂರಿಸಿದ ಹಾಗೆ ನಿಲ್ಲುತ್ತದೆ. ಆರು ದಿನದ ಗಾಲಿಯ ಅಂಚಿನಲ್ಲಿ, ಅರೆಗಳಲ್ಲಿ, ಗುಂಭದಲ್ಲಿ ಡೊಂಕು ಉಳಿದಿತ್ತು. ಆ ರಥಕಾರ ನಾನೇ ಆಗಿದ್ದೆ, ಅಂದು ಮರದ ಡೊಂಕು ಬಲ್ಲವನಾಗಿದ್ದೆ, ಇಂದು ಕಾಯ, ಮಾತು, ಮನಸ್ಸಿನ ಡೊಂಕು ಬಲ್ಲೆ ಎಂದು ಭಗವಾನರು ಭಿಕ್ಷುಗಳಿಗೆ ಹೇಳುತ್ತಾರೆ.

ಅವಸರದ ಕೆಲಸ ಬೇಡ, ಡೊಂಕು ತಿದ್ದಿಕೊಳ್ಳಿ ಎಂದೇ ನಾನು ಈ ಕಥೆಯನ್ನು ಓದುತ್ತಿದ್ದೆ. ಈ ಸಲ ಕಣ್ಣಿಗೆ ಬಿದ್ದದ್ದು ಬೇರೆ. ಬೋಧಿಸತ್ತ್ವನೂ ಅವಸರದಲ್ಲಿ ಡೊಂಕು ಗಾಲಿ ಮಾಡಿದ! ರಾಜನ ಒತ್ತಾಯ, ದಿನ ಕಡಿಮೆ. ನನಗೂ ಮೇಷ್ಟ್ರ ಒತ್ತಾಯ, ಹೋದ ಕರೆಂಟ್. ಅಲ್ಲಿಯವರೆಗೆ ನಾವಿಬ್ಬರೂ ಒಂದೇ. ಬೇರೆಯಾದದ್ದು ಆಮೇಲೆ. ರಾಜ ತಾನಾಗಿಯೇ ವ್ಯತ್ಯಾಸ ಕಾಣುತ್ತಿಲ್ಲ ಎಂದ. ರಥಕಾರ ಸುಮ್ಮನೆ ಕೈಮುಗಿದು ಸಂಭಾವನೆ ತೆಗೆದುಕೊಂಡು ಹೋಗಬಹುದಿತ್ತು. ಅವನು ಇದೆ ಎಂದ. ತನ್ನ ಗಾಲಿಯನ್ನು ತಾನೇ ಬೀಳಿಸಿ ತೋರಿಸಿದ, ಯುದ್ಧಕ್ಕೆ ಮೊದಲೇ. ಅವಸರ ತಪ್ಪು ಕೆಲಸವನ್ನು ಮಾಡಿಸಬಹುದು. ಅದನ್ನು ಮೋಸ ಮಾಡುವುದು ಅವಸರವಲ್ಲ, ಆಮೇಲಿನ ಮೌನ.

ರಾಹುಲನಿಗೆ ಅಂಬಲಟ್ಠಿಕದಲ್ಲಿ ಕೊಟ್ಟ ಉಪದೇಶವೂ ಇದನ್ನೇ ಹೇಳುತ್ತದೆ. ಕನ್ನಡಿಯಲ್ಲಿ ನೋಡಿಕೊಳ್ಳುವ ಹಾಗೆ, ಮಾಡುವ ಮೊದಲು ನೋಡು, ಮಾಡುವಾಗ ನೋಡು, ಮಾಡಿದ ಮೇಲೂ ನೋಡು. ಲೇತ್ ಕೆಲಸದವರಿಗೆ ಇದು ಹೊಸದಲ್ಲ. ಕಡೆಯುವ ಮೊದಲು ಅಳೆಯುತ್ತೇವೆ, ಕಡೆಯುವಾಗ ಅಳೆಯುತ್ತೇವೆ, ಕಡೆದ ಮೇಲೆ ಅಳೆಯುತ್ತೇವೆ. ಆದರೆ ಮಾಡಿದ ಮೇಲೆ ನೋಡಿ ಅದು ಕೇಡು ಎಂದು ಕಂಡರೆ, ಗುರುಗಳಿಗೋ ತಿಳಿದ ಸಹಚಾರಿಗಳಿಗೋ ತೆರೆದು ಹೇಳು, ಮುಂದೆ ತಡೆದುಕೋ ಎಂಬ ಮಾತೂ ಅಲ್ಲೇ ಇದೆ. ಮೂರನೆಯ ಅಳತೆ ನೋಡಿಕೊಂಡರೆ ಸಾಲದು, ಬಾಯಿಬಿಟ್ಟು ಹೇಳಬೇಕು. ನಾನು ಅಳೆದಿದ್ದೆ, ಆದರೆ ಅಳತೆಯನ್ನು ಹೇಳಿರಲಿಲ್ಲ.

ಇಷ್ಟೆಲ್ಲ ಓದಿಯೂ ಹೇಳುತ್ತಿದ್ದೆನೋ ಇಲ್ಲವೋ. ಜೂನ್ ಕೊನೆಯಲ್ಲಿ ಅವರು ಕೆಲಸ ಎಲ್ಲಿಗೆ ಬಂತು ಎಂದು ನೋಡಲು ಬಂದರು. ಬುಷ್ ಕಡೆದು ಇಟ್ಟಿದ್ದೆ, ಇನ್ನೂ ಒತ್ತಿರಲಿಲ್ಲ. ರಾಡನ್ನು ಕೈಯಲ್ಲಿ ಹಿಡಿದು ಅವರು ತಾವಾಗಿಯೇ ಹೇಳಿದರು: “ಒಂದ್ಸಲ ನಾನೇ ಸುಟ್ಟುಹಾಕಿದ್ದೆ ಅಣ್ಣ ಈ ಎಂಜಿನ್ನ. ಎಣ್ಣೆ ಹಾಕಿದ್ದೆ ಅಂತ ಆಗ ವಾದ ಮಾಡಿದ್ದೆ. ಹಾಕಿಸಿದ್ದು, ದುಡ್ಡು ಕೊಟ್ಟಿದ್ದು ಎಲ್ಲ ನೆನಪಿತ್ತು. ಆದ್ರೆ ಎಲ್ಲರೂ ಹೇಳಿ ಹೇಳಿ, ಇಲ್ಲ, ಹಾಕಿರಲಿಕ್ಕಿಲ್ಲ ಅಂತ ನನಗೂ ಅನ್ನಿಸಿಬಿಡ್ತು. ಆಮೇಲೆ ಅಪ್ಪ ಈ ಗಾಡಿ ಕೀ ನನ್ನ ಕೈಗೆ ಕೊಡಲೇ ಇಲ್ಲ.”

ಬಂಧುಗಳೇ, ಎರಡನೆಯ ಶೀಲ ಕೊಡದ್ದನ್ನು ತೆಗೆದುಕೊಳ್ಳುವುದರ ಬಗ್ಗೆ. ನಾನು 450 ರೂಪಾಯಿ ತೆಗೆದುಕೊಂಡೆ ಎಂದಷ್ಟೇ ಲೆಕ್ಕ ಇಟ್ಟಿದ್ದೆ. ಒಬ್ಬ ಹುಡುಗ ಕಣ್ಣಾರೆ ಕಂಡದ್ದರ ಮೇಲೆ ಅವನಿಗಿದ್ದ ನಂಬಿಕೆಯನ್ನೇ ತೆಗೆದುಕೊಂಡಿದ್ದೇನೆ ಎಂದು ಅಂದೇ ಗೊತ್ತಾದದ್ದು.

“ಸಾರ್, ಕೂತ್ಕೊಳ್ಳಿ” ಎಂದು ಸ್ಟೂಲ್ ಕೊಟ್ಟೆ. ರಾಡಿನ ತಲೆಯ ತೂತು ತೋರಿಸಿದೆ. ತೂತಿಲ್ಲದ ಹೊಸ ಬುಷ್ಷನ್ನು ಅದರ ಎದುರು ಹಿಡಿದು, ಹೀಗೆ ಒತ್ತಿ ಹಾಗೇ ಬಿಟ್ಟರೆ ಎಣ್ಣೆಗೆ ದಾರಿ ಇರುವುದಿಲ್ಲ, 1989ರಲ್ಲಿ ನಾನು ಹಾಗೆ ಬಿಟ್ಟಿದ್ದೆ ಎಂದೆ. ಕರೆಂಟ್ ಹೋದದ್ದನ್ನು ಹೇಳಲಿಲ್ಲ. ನಿಮ್ಮ ತಂದೆ ಕೇಳಿದಾಗ ತಲೆಯಾಡಿಸಿದ್ದು ಸುಳ್ಳು ಎಂದೆ. ಕ್ಷಮಿಸಿ ಎಂದು ಕೇಳಲು ಬಾಯಿ ಬರಲಿಲ್ಲ. ಕೇಳಿದ್ದರೆ ಅವರು ಏನಾದರೂ ಕೊಡಬೇಕಾಗುತ್ತಿತ್ತು, ಈಗಾಗಲೇ ಬೇಕಾದಷ್ಟು ತೆಗೆದುಕೊಂಡಿದ್ದೆ.

ಅವರು ಬಹಳ ಹೊತ್ತು ಬುಷ್ಷನ್ನೇ ನೋಡಿದರು. “ಹಾಗಾದ್ರೆ ನಾನು ಎಣ್ಣೆ ಹಾಕಿದ್ದೆ” ಎಂದರು.

“ಹೌದು ಸಾರ್, ಹಾಕಿದ್ರಿ.”

“ಅಪ್ಪನಿಗೆ ಗೊತ್ತಾಗಬೇಕಿತ್ತು” ಎಂದು ಎದ್ದು ಹೋದರು.

ಹನ್ನೊಂದು ದಿನ ಅವರ ಸುದ್ದಿ ಇಲ್ಲ. ನಾನು ಫೋನ್ ಮಾಡಲಿಲ್ಲ, ಬುಷ್ಷನ್ನೂ ಒತ್ತಲಿಲ್ಲ. ನನ್ನ ಕೈಕೆಲಸ ಅವರಿಗೆ ಬೇಕೋ ಬೇಡವೋ ಎಂದು ಅವರೇ ಹೇಳಬೇಕಿತ್ತು. ಗೆಳೆಯರೊಬ್ಬರು, ನಿನ್ನ ಎದೆಯ ಭಾರವನ್ನು ಅವರ ತಲೆಗೆ ಇಳಿಸಿಬಿಟ್ಟೆಯಲ್ಲ ಎಂದರು. ಆ ಮಾತಿಗೆ ಈಗಲೂ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಭಾರ ಅವರ ತಲೆಯ ಮೇಲೆ ಮೊದಲೇ ಇತ್ತು, ಅದು ಯಾರದೆಂದು ಅವರಿಗೆ ಗೊತ್ತಿರಲಿಲ್ಲ ಎಂದಷ್ಟೇ ಹೇಳಬಲ್ಲೆ.

ಎರಡನೆಯ ಭಾನುವಾರಕ್ಕೆ ಎರಡು ದಿನ ಉಳಿದಿರುವಾಗ ಬಂದರು. “ಬುಷ್ ಒತ್ತಿದ್ರಾ?” ಎಂದು ಕೇಳಿದರು. ಇಲ್ಲ ಎಂದೆ. ಭಾನುವಾರಕ್ಕೆ ಆಗುವುದಿಲ್ಲ, ಅವಸರ ಮಾಡಿದರೆ ಆಗಬಹುದು, ಆದರೆ ನಾನು ಮಾಡುವುದಿಲ್ಲ ಎಂದೆ. “ಬೇಡ, ನಿಧಾನಕ್ಕೇ ಮಾಡಿ” ಎಂದರು. ಅಂದು ಅವರ ಎದುರಿಗೇ ಬುಷ್ ಒತ್ತಿದೆ. ಅವರು ಮೊಬೈಲಿನ ಬೆಳಕು ಹಿಡಿದರು, ನಾನು ತೂತು ಕೊರೆದೆ. ಅಂಚಿನ ಸಿಬಿರು ತೆಗೆದು ರೀಮರ್ ಹಾಕಿ, ಪಿನ್ನಿಗೆ ಎಣ್ಣೆ ಸವರಿ ಅವರ ಕೈಗೇ ಕೊಟ್ಟೆ. ಹೆಬ್ಬೆರಳಲ್ಲಿ ತಳ್ಳಿ ನೋಡಿದರು. ಹೋಯಿತು. ತಲೆಕೆಳಗು ಮಾಡಿದರು. ಬೀಳಲಿಲ್ಲ.

ಹೊರಡುವಾಗ “ಅಮ್ಮನಿಗೆ ಹೇಳಿದೆ” ಎಂದರು. ಬೇರೆ ಏನೂ ಹೇಳಲಿಲ್ಲ. ಮೇಷ್ಟ್ರು ತೀರಿಕೊಂಡರು, ಇನ್ನು ಹೇಳಿ ಯಾರಿಗೆ ಹಿತ ಎಂದು ಅಷ್ಟು ವರ್ಷ ಲೆಕ್ಕ ಹಾಕಿದ್ದ ನನಗೆ, ಮನೆಯಲ್ಲಿ ಆ ತಾಯಿ ಇದ್ದಾರೆ ಎಂಬುದೇ ಹೊಳೆದಿರಲಿಲ್ಲ. ಯಾರಿಗೆ ಹಿತ ಎಂದು ತೀರ್ಮಾನಿಸಲು ನಾನು ಎಷ್ಟು ಯೋಗ್ಯನಾಗಿದ್ದೆ ಎಂಬುದಕ್ಕೆ ಇದೊಂದೇ ಸಾಕು.

ಎಂಜಿನ್ ಆಗಸ್ಟ್ ಮೊದಲ ವಾರ ಮುಗಿಯಿತು. ಕೂಲಿ ಬೇಡ ಎಂದೆ. “ಈ ಕೆಲಸ ಬೇರೆ, ಆ ಕೆಲಸ ಬೇರೆ” ಎಂದು ಪೂರ್ತಿ ಎಣಿಸಿ ಕೊಟ್ಟರು. ಆ ಹಳೆಯ 450 ರೂಪಾಯಿಯನ್ನು ಬೇರೆ ಕವರಿನಲ್ಲಿ ಇಟ್ಟಿದ್ದೆ, ಅದನ್ನು ಕೊಟ್ಟೆ. ಬೇಡ ಎನ್ನಬಹುದು ಎಂದುಕೊಂಡಿದ್ದೆ. “ಇದು ಅಪ್ಪನ ದುಡ್ಡು” ಎಂದು ತೆಗೆದುಕೊಂಡು ಬೇರೆ ಜೇಬಿಗೆ ಇಟ್ಟುಕೊಂಡರು. ಪೆಟ್ರೋಲಿಗೆ ಎಣ್ಣೆಯನ್ನು ಅವರೇ ಅಳೆದು ಹಾಕಿದರು. ಕಿಕ್ ಹೊಡೆದರು. ಮೂರನೆಯ ಕಿಕ್ಕಿಗೆ ಹತ್ತಿಕೊಂಡಿತು.

ಅವರು ನನ್ನನ್ನು ಕ್ಷಮಿಸಿದರೋ ಇಲ್ಲವೋ ಗೊತ್ತಿಲ್ಲ. ಅದು ಅವರಿಗೆ ಬಿಟ್ಟದ್ದು. ನಾನು ಹಗುರವಾದೆನೇ ಎಂದು ಕೇಳಿದರೆ, ಹೌದೆಂದು ಹೇಳಲಾರೆ. ಆ ಕೆನ್ನೆಯೇಟಿನ ಸದ್ದು ಮೊದಲಿಗಿಂತ ಸ್ಪಷ್ಟವಾಗಿ ಕೇಳುತ್ತದೆ. ಆದರೆ ಹುಣ್ಣಿಮೆಯ ದಿನ ನಾಲ್ಕನೆಯ ಶೀಲ ಹೇಳುವಾಗ ಈಗ ನೆಪ ಹುಡುಕುವುದಿಲ್ಲ.

ಇಂದಿನ ಧ್ಯಾನಕ್ಕೆ ಕೂರುವ ಮೊದಲು ಒಂದು ಕ್ಷಣ ಯೋಚಿಸೋಣ. ನಾವು ಮುಚ್ಚಿಟ್ಟ ಎಂಜಿನ್ ಯಾವುದು? ಅದರ ಒಳಗಿನ ತಪ್ಪನ್ನು ತನ್ನದೆಂದು ಹೊತ್ತುಕೊಂಡು ಯಾರಾದರೂ ಓಡಾಡುತ್ತಿದ್ದಾರೆಯೇ? ಇದ್ದರೆ, ಅವರು ಇರುವಾಗಲೇ ಹೇಳೋಣ. ನಾನು ಮೇಷ್ಟ್ರಿಗೆ ಹೇಳಲಿಲ್ಲ. ಅದನ್ನು ಇನ್ನು ಯಾವ ಲೇತಿನಲ್ಲೂ ಸರಿಮಾಡಲಾಗದು.

ಎಲ್ಲರಿಗೂ ಮಂಗಳವಾಗಲಿ. ನಮೋ ಬುದ್ಧಾಯ.